ಒಂದೇ ಪಾತ್ರೆಯ ಗಂಜಿಯಲ್ಲಿ ನನ್ನ ಅಗುಳು ಯಾವುದು?

ಹಿರಿಯ ನಾಗರಿಕರ ಜೀವನಾಂಶದ ಅರ್ಜಿಗಳನ್ನು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ಮಗ ನನ್ನ ಹೊಟ್ಟೆಪಾಡಿಗೆಂದು ಕೊಡುವ ಹಣದಲ್ಲಿ ಅವನದೇ ಮಕ್ಕಳಿಗೆ ಊಟ ಹಾಕುತ್ತಿದ್ದೇನೆಯೇ ಎಂದು ವಿವರಣೆ ಕೇಳಿ ನೀವು ಕಳಿಸಿದ ನೋಟಿಸು ತಲುಪಿತು. ಹೌದು, ಹಾಕುತ್ತಿದ್ದೇನೆ. ಕಾಗದವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ತಾವು ‘ವಿವರವಾಗಿ’ ಎಂದು ಅಪ್ಪಣೆ ಕೊಡಿಸಿದ್ದೀರಿ, ಅಪ್ಪಣೆ ಮೀರಿದಳೆಂದು ಇನ್ನೊಂದು ನೋಟಿಸು ಬರುವುದು ಬೇಡ.

ಕನ್ನಡದಲ್ಲಿ ಬರೆದದ್ದಕ್ಕೆ, ಅದೂ ಪತ್ರಿಕೆಗೆ ಕೊಟ್ಟು ನಾಲ್ಕು ಜನ ಓದುವಂತೆ ಮಾಡಿದ್ದಕ್ಕೆ ಸಿಟ್ಟಾಗಬೇಡಿ. ಬದಿಯಡ್ಕದ ಹತ್ತಿರದ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಕಲಿತವಳು ನಾನು, ನನಗೆ ಬರುವುದು ಈ ಅಕ್ಷರ ಮಾತ್ರ. ನಿಮ್ಮ ಮಲಯಾಳದ ನೋಟಿಸನ್ನು ನಾನು ಓದಿಸಿಕೊಂಡೆ, ನನ್ನ ಉತ್ತರವನ್ನು ನೀವು ಓದಿಸಿಕೊಳ್ಳಿ. ಕೊಚ್ಚಿಯ ಬ್ಯಾಂಕುಗಳಲ್ಲಿ ಕನ್ನಡದವರಿಗೆ ಬರವಿಲ್ಲ. ಯಾರೂ ಸಿಗದಿದ್ದರೆ ನನ್ನ ಮಗನನ್ನೇ ಕೇಳಿ. ಗೆರಸೆಯಲ್ಲಿ ಅಕ್ಕಿ ಹರಡಿ, ಅವನ ಬೆರಳು ಹಿಡಿದು ತಿದ್ದಿಸಿದವಳು ನಾನೇ. ಚೆನ್ನಾಗಿ ಓದುತ್ತಾನೆ.

ಆ ಮಗ, ಗುರುಕಿರಣ್, ತಿರುವನಂತಪುರದಲ್ಲಿ ವಕೀಲ. ಗಂಡ ಹೆಂಡತಿ ಬೇರೆಯಾದ ಮೇಲೆ ಸೊಸೆ ಶಾಲಿನಿ ಎರಡು ಮಕ್ಕಳನ್ನು ಕಟ್ಟಿಕೊಂಡು ಇಲ್ಲೇ ಕೊಚ್ಚಿ ಹತ್ತಿರದ ಕಳಮಶ್ಶೇರಿಯ ಬಾಡಿಗೆ ಮನೆಯಲ್ಲಿ ಉಳಿದಳು, ನಾನೂ ಅಲ್ಲೇ ಉಳಿದೆ. ಮಗನನ್ನು ಬಿಟ್ಟು ಸೊಸೆಯ ಹತ್ತಿರವಾ ಎಂದು ಊರಿನವರು ಮೂಗಿನ ಮೇಲೆ ಬೆರಳಿಟ್ಟರು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಹಾಡಿ ಹೊಗಳುವವರೇನಲ್ಲ. ಸಾಂಬಾರಿಗೆ ಎಷ್ಟು ತೆಂಗಿನಕಾಯಿ ಎಂಬುದರಲ್ಲಿ ನಮಗೆ ಇವತ್ತಿಗೂ ರಾಜಿಯಾಗಿಲ್ಲ. ಆದರೆ ಅವಳು ಕಲೂರಿನ ಅಂಗಡಿಯೊಂದರಲ್ಲಿ ಬಿಲ್ಲು ಬರೆದು ಮನೆ ಮುಟ್ಟುವಾಗ ಕತ್ತಲಾಗುತ್ತದೆ. ಮಕ್ಕಳು ಶಾಲೆಯಿಂದ ಬಂದಾಗ ಬಾಗಿಲು ತೆಗೆಯಲು ಒಂದು ಜೀವ ಬೇಡವೇ?

ಮಕ್ಕಳ ಖರ್ಚಿಗಾಗಿ ಶಾಲಿನಿ ಕುಟುಂಬ ನ್ಯಾಯಾಲಯಕ್ಕೆ ಹೋಗಿ ಮೂರು ವರ್ಷವಾಯಿತು. ನಡುವೆ ಒಂದು ಆದೇಶವೂ ಬಂತು. ಮಗ ಎರಡು ತಿಂಗಳು ಕೊಟ್ಟ, ನಿಲ್ಲಿಸಿದ. ನಿಲ್ಲಿಸಿದ್ದಕ್ಕೆ ಮತ್ತೊಂದು ಅರ್ಜಿ, ಆ ಅರ್ಜಿಗೆ ಮತ್ತೆ ವಾಯಿದೆ. ಒಂದು ವಾಯಿದೆಗೆ ಅವನಿಗೆ ಜ್ವರ, ಇನ್ನೊಂದಕ್ಕೆ ಬೇರೆ ಕೋರ್ಟಿನಲ್ಲಿ ಕೇಸು, ಮತ್ತೊಂದಕ್ಕೆ ಕಾಗದಪತ್ರವೇ ಸಿಗಲಿಲ್ಲ. ಸಂಪಾದನೆ ಏನೇನೂ ಇಲ್ಲವಂತೆ. ಅವನು ಓಡಿಸುವ ಕಾರು ಸ್ನೇಹಿತನದ್ದಂತೆ, ಇರುವ ಫ್ಲಾಟೂ ಸ್ನೇಹಿತನದ್ದಂತೆ. ಅಂಥ ಸ್ನೇಹಿತನನ್ನು ದೇವರು ಎಲ್ಲರಿಗೂ ಕೊಡಲಿ, ಮುಖ್ಯವಾಗಿ ನನ್ನ ಮೊಮ್ಮಕ್ಕಳಿಗೆ ಕೊಡಲಿ.

ಇಂಥ ಹೊತ್ತಿನಲ್ಲಿ ತಾವು ಕಳಮಶ್ಶೇರಿಯ ವೃದ್ಧರ ಸಭೆಗೆ ಬಂದಿರಿ. ನಮಗೆಲ್ಲ ಚಹಾ ಬಿಸ್ಕತ್ತು ಕೊಡಿಸಿ, ಹೆತ್ತ ತಾಯಿ ಹಸಿದಿರಬಾರದು, ಬಿಳಿ ಹಾಳೆಯ ಮೇಲೆ ಬರೆದುಕೊಟ್ಟರೆ ಸಾಕು, ವಕೀಲರೂ ಬೇಕಿಲ್ಲ, ತಿಂಗಳುಗಳಲ್ಲಿ ತೀರ್ಮಾನ ಎಂದಿರಿ. ನಾನು ಮಾತನ್ನು ನಂಬುವವಳು. ಮನೆಗೆ ಬಂದು ಸೊಸೆಗೆ ಹೇಳಿದೆ. ಅವಳು ಹೆದರಿದಳು.

“ಅತ್ತೆ, ಸ್ವಂತ ಮಗನ ಮೇಲೆ ಕೇಸು ಹಾಕ್ತೀರಾ? ನಾಳೆ ಊರಿನವರು ನನ್ನನ್ನೇ ಬೈಯುದು.”

“ಈಗ ಬೈಯುದಿಲ್ವಾ? ಇನ್ನೊಂದು ಕಾರಣ ಸಿಕ್ಕಿದ್ರೆ ಪಾಪ, ಅವರಿಗೂ ಹೊತ್ತು ಹೋಗ್ತದೆ.”

ಮೂರು ವರ್ಷ ಮಕ್ಕಳ ಕೇಸಿಗೆ ಜ್ವರ ಬರಿಸಿಕೊಂಡವನು ನನ್ನ ಕೇಸಿಗೆ ಮೊದಲ ಕರೆಗೇ ಬಂದ. ನಿಮ್ಮೆದುರು, ನಿಮ್ಮ ಸಿಬ್ಬಂದಿಯ ಎದುರು ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಎಷ್ಟೆಂದು ಕೇಳಿದಿರಿ, ಒಪ್ಪಿದ. ನಿಮ್ಮ ಗುಮಾಸ್ತೆ ಕಣ್ಣೊರೆಸಿಕೊಂಡರು. ತಾವು, “ಅಮ್ಮಾ, ನೀವು ಭಾಗ್ಯವಂತೆ” ಎಂದಿರಿ. ಭಾಗ್ಯವಂತೆ ಮೆಟ್ರೋ ಹತ್ತಿ ಮನೆಗೆ ಬಂದಳು.

ಅವನು ಯಾಕೆ ಒಪ್ಪಿದನೆಂದು ನಾನು ಬಹಳ ಯೋಚನೆ ಮಾಡಿದ್ದೇನೆ. ತಾಯಿಗೆ ಅನ್ನ ಹಾಕದವನೆಂದರೆ ನಮ್ಮಲ್ಲಿ ಮರ್ಯಾದೆ ಹೋಗುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವನು ಮುಖ ತಿರುಗಿಸುತ್ತಾನೆ. ಮಕ್ಕಳಿಗೆ ಅನ್ನ ಹಾಕದವನಿಗೆ ಹಾಗಲ್ಲ. ‘ಪಾಪ, ಅವನಿಗೆ ಸಂಸಾರ ಸರಿ ಬರಲಿಲ್ಲ’ ಎಂದು ಅದೇ ಪಂಕ್ತಿಯಲ್ಲಿ ಇನ್ನೊಂದು ಹೋಳಿಗೆ ಬಡಿಸುತ್ತಾರೆ. ಹೆತ್ತವಳ ಹಸಿವಿಗೆ ನಾಚಿಕೆ ಉಂಟು, ಹುಟ್ಟಿದವರ ಹಸಿವಿಗೆ ವಾಯಿದೆ ಮಾತ್ರ. ಈ ನ್ಯಾಯ ಯಾವ ಊರಿನದು ಸ್ವಾಮಿ? ನಾನು ತಿಂದು ಇನ್ನು ಬೆಳೆಯಲಿಕ್ಕೆ ಉಂಟೇ? ಬೆಳೆಯುವವರು ಅವರಲ್ಲವೇ?

ಇನ್ನು, ಹಣ ಮಕ್ಕಳಿಗೆ ಹೋಗುತ್ತಿದೆಯೆಂಬ ಅವನ ದೂರಿಗೆ ಸಾಕ್ಷಿ ಸಿಕ್ಕಿದ ಬಗೆ. ಮೊಮ್ಮಗಳು ಪ್ರತೀಕ್ಷಾ ಶಾಲೆಯ ಬೋರ್ಡು ಕಾಣದೆ ಪಕ್ಕದ ಹುಡುಗಿಯ ಪುಸ್ತಕ ನೋಡಿ ಬರೆಯುತ್ತಿದ್ದಳು. ಹಣ ಬಂದ ತಿಂಗಳು ಕನ್ನಡಕ ಮಾಡಿಸಿದೆ. ಅಪ್ಪನಾದವನು ಕೇಳಿದರೆ ಸಂತೋಷಪಟ್ಟಾನೆಂದು ನಾನೇ ಫೋನು ಮಾಡಿದೆ.

“ಮಗಾ, ನಿನ್ನ ದುಡ್ಡಲ್ಲಿ ಪ್ರತೀಕ್ಷಾಳಿಗೆ ಕನ್ನಡಕ ಆಯ್ತು. ಕಪ್ಪು ಫ್ರೇಮು. ಹಾಕಿದ್ರೆ ನಿನ್ನ ಹಾಗೇ ಕಾಣ್ತಾಳೆ.”

“ಹೌದಾ ಅಮ್ಮ? ಮತ್ತೆ ಎಂತೆಲ್ಲ ತೆಗ್ದೆ?”

ಅಬ್ಬ, ಕೊನೆಗೂ ಕೇಳಿದನಲ್ಲ ಎಂದು ನಾನು ಮೊಮ್ಮಗ ಸುಧನ್ವನ ಶಾಲೆಯ ಚೀಲ, ಹಾಲು, ಕುಚ್ಚಲಕ್ಕಿ ಎಲ್ಲ ಹೇಳಿದೆ.

“ನಿನಗೆ ಎಂತ ತಗೊಂಡೆ ಅಮ್ಮ?”

“ನನಗೆಂತ ಬೇಕು ಮಾರಾಯ? ಇವರು ಉಂಡ್ರೆ ನಾನು ಉಂಡ ಹಾಗೇ.”

ಫೋನು ಆ ಕಡೆಯಿಂದ ರೆಕಾರ್ಡ್ ಆಗುತ್ತಿತ್ತು. ನನ್ನ ಆ ಮಾತು ಈಗ ನಿಮ್ಮ ನೋಟಿಸಿನಲ್ಲಿ ಹೀಗೆ ಬಂದಿದೆ: ‘ತಮಗೆ ಯಾವುದೇ ಅಗತ್ಯವಿಲ್ಲವೆಂದು ಅರ್ಜಿದಾರರು ಸ್ವತಃ ಒಪ್ಪಿಕೊಂಡಿರುತ್ತಾರೆ.’ ಅಜ್ಜಿಯರು ಆಡುವ ಮಾತನ್ನೆಲ್ಲ ಹೀಗೆ ಬರೆದುಕೊಂಡರೆ ಈ ದೇಶದಲ್ಲಿ ಒಬ್ಬ ಮುದುಕಿಗೂ ಅನ್ನ ಹುಟ್ಟಲಿಕ್ಕಿಲ್ಲ. ‘ನನಗೆ ಹಸಿವಿಲ್ಲ’ ಎಂದು ನಿಮ್ಮ ತಾಯಿ ಎಂದೂ ಹೇಳಲಿಲ್ಲವೇ? ನೀವು ಅದನ್ನು ನಂಬಿ ಪಾತ್ರೆ ತೊಳೆದಿಟ್ಟಿರೇ?

ನೋಟಿಸನ್ನು ನನಗೆ ಓದಿ ಹೇಳಿದವಳು ಪ್ರತೀಕ್ಷಾ. ಆ ಕನ್ನಡಕ ಹಾಕಿಕೊಂಡೇ ಓದಿದಳು. ‘ಪ್ರತಿವಾದಿಯ ಅಪ್ರಾಪ್ತ ಮಕ್ಕಳಿಗಾಗಿ ಹಣದ ದುರುಪಯೋಗ’ ಎಂಬಲ್ಲಿಗೆ ಬಂದು ನಿಂತಳು. “ಅದು ಞಙ್ಙಳಾಣೋ ಅಚ್ಛಮ್ಮೇ?” ಅಂದಳು. ಅದು ನಾವಾ ಅಜ್ಜಿ, ಎಂದು. ಅಲ್ಲ, ಬೇರೆ ಯಾರೋ ಎಂದೆ. ಹುಡುಗಿ ದಡ್ಡಿಯಲ್ಲ. ಕನ್ನಡಕ ತೆಗೆದು ಮಡಚಿ ನನ್ನ ಮಡಿಲಲ್ಲಿಟ್ಟು ಒಳಗೆ ಹೋದಳು. ಮರುದಿನ ಅದನ್ನು ಹಾಕದೆಯೇ ಶಾಲೆಗೆ ಹೊರಟಳು. ನಾನು ಬಸ್ಸಿನವರೆಗೆ ಹಿಂದೆ ಹೋಗಿ ಬೈದು, ಮುದ್ದು ಮಾಡಿ, ಮೂಗಿನ ಮೇಲೆ ಕೂರಿಸಿ ಬಂದೆ. ‘ದುರುಪಯೋಗ’ ಎಂಬ ಪದವನ್ನು ಬರೆದವರಿಗೆ ಈ ಕೆಲಸ ಇರಲಿಲ್ಲ ನೋಡಿ.

ಮೊದಲ ಸಲ ನಿಮ್ಮ ಕಚೇರಿಗೆ ಬಂದಾಗಲೇ ನಾನು ಈ ಮಕ್ಕಳ ವಿಷಯ ಎತ್ತಿದ್ದೆ. “ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಮ್ಮಾ” ಎಂದಿರಿ, ನಾನು ಬಾಯಿ ಮುಚ್ಚಿದೆ. ಈಗ ಕೇಳುತ್ತೇನೆ. ಹಸಿದಿದ್ದಾಗ ನಿಮ್ಮ ವ್ಯಾಪ್ತಿಗೆ ಬಾರದ ಮಕ್ಕಳು ಉಂಡ ಕೂಡಲೇ ಹೇಗೆ ಬಂದರು?

ಮಗ ಇನ್ನೊಂದು ಉಪಾಯ ಮಾಡಿದ್ದಾನೆ. ತಾಯಿಗೆ ತಿರುವನಂತಪುರದಲ್ಲಿ ಪ್ರತ್ಯೇಕ ಕೋಣೆ ಸಿದ್ಧವಿದೆ, ಬಂದಿರಲಿ, ಬಾರದಿದ್ದರೆ ಹಣ ನಿಲ್ಲಿಸಲು ಅನುಮತಿ ಕೊಡಿ ಎಂದು ಬರೆದಿದ್ದಾನೆ. ‘ಈ ಪ್ರೀತಿಯ ಆಹ್ವಾನವನ್ನು ನಿರಾಕರಿಸಲು ಕಾರಣವೇನು’ ಎಂದು ತಾವೂ ಕೇಳಿದ್ದೀರಿ. ಕಾರಣ ಹೇಳುತ್ತೇನೆ. ಆ ಕೋಣೆಯಲ್ಲಿ ಫ್ಯಾನು ಇರಬಹುದು, ಟಿವಿ ಇರಬಹುದು. ನಾನು ಅಲ್ಲಿ ಒಳ್ಳೆಯ ಅನ್ನ ಉಣ್ಣುವ ಹೊತ್ತಿಗೆ ಕಳಮಶ್ಶೇರಿಯಲ್ಲಿ ಎರಡು ಮಕ್ಕಳು ಬೀಗ ಹಾಕಿದ ಬಾಗಿಲಿನ ಮುಂದೆ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಅವನು ಕರೆಯುವುದು ನನ್ನನ್ನಲ್ಲ ಸ್ವಾಮಿ, ಆ ಹಣವನ್ನು. ಜೊತೆಗೆ ಮುದುಕಿಯೂ ಬಂದರೆ ಇರಲಿ ಎಂದು ಒಂದು ಕೋಣೆ.

ನಾನು ಕೇಳುವುದು ದೊಡ್ಡದೇನಲ್ಲ. ನಿಮ್ಮ ಹಿಂದಿನ ಆದೇಶವನ್ನು ಮುಟ್ಟಬೇಡಿ. ಅಜ್ಜಿ ಮೊಮ್ಮಕ್ಕಳೊಡನೆ ಹಂಚಿ ಉಣ್ಣುವುದೂ ಅವಳ ಜೀವನವೇ ಎಂದು ನಿಮ್ಮ ಸೀಲು ಒತ್ತಿ ಒಂದು ಸಾಲು ಬರೆದುಕೊಡಿ. ‘ದುರುಪಯೋಗ’ ಎಂಬ ಪದವನ್ನು ಹೊಡೆದುಹಾಕಿ. ತಾಯಿಯೆಂದರೆ ಓಡಿ ಬರುವ ಈ ಮಗನನ್ನು ಮಕ್ಕಳೆಂದಾಗಲೂ ಬರುವಂತೆ ಮಾಡುವ ದಾರಿ ಗೊತ್ತಿದ್ದರೆ, ಮುಂದಿನ ವೃದ್ಧರ ಸಭೆಯಲ್ಲಿ ಬಿಸ್ಕತ್ತಿನ ಜೊತೆ ಅದನ್ನೂ ಹೇಳಿ.

ಇಷ್ಟೂ ಆಗದೆಂದರೆ, ನೀವು ಹೇಳಿದ ದಿನ ನಾನು ಬರುತ್ತೇನೆ. ಬೆಳಗ್ಗೆ ಎಲ್ಲರಿಗೂ ಸೇರಿಸಿ ಇಟ್ಟ ಗಂಜಿಯ ಪಾತ್ರೆಯನ್ನೇ ತರುತ್ತೇನೆ, ಸೌಟನ್ನೂ ತರುತ್ತೇನೆ. ಅದರಲ್ಲಿ ಸರ್ಕಾರದ ಪ್ರಕಾರ ನನ್ನ ಅಗುಳು ಯಾವುದು, ಪ್ರತಿವಾದಿಯ ಮಕ್ಕಳದ್ದು ಯಾವುದು ಎಂದು ನೀವೇ ಬೇರೆ ಮಾಡಿ ಕೊಡಿ. ನನ್ನ ಪಾಲನ್ನು ನಿಮ್ಮೆದುರೇ ಕೂತು ಉಣ್ಣುತ್ತೇನೆ. ಆದರೆ ಸ್ವಲ್ಪ ಬೇಗ ಆರಿಸಿ, ಮಕ್ಕಳು ಶಾಲೆಯಿಂದ ಬರುವ ಮೊದಲು ಉಳಿದದ್ದನ್ನು ನಾನು ಮನೆ ಮುಟ್ಟಿಸಬೇಕು.

ಇಂತಿ,
ತಮ್ಮ ಬಾಯಿಂದಲೇ ಭಾಗ್ಯವಂತೆ ಎನಿಸಿಕೊಂಡ,
ಪ್ರತಿವಾದಿಯನ್ನು ಹೆತ್ತ ತಪ್ಪಿಗೆ ಅರ್ಜಿದಾರಳಾದ
ಸುಶೀಲ
ಕಳಮಶ್ಶೇರಿ