ಬೇಲಿಯ ಹತ್ತಿರದ ಎರಡು ಏಟು

ಹೊಳೆನರಸೀಪುರ
೧-೧೨-೨೦೨೫, ಸೋಮವಾರ

ಗೆಳೆಯ ದೇವರಾಜು ಮೇಷ್ಟ್ರಿಗೆ,

ಚನ್ನಬಸವಯ್ಯನ ಶರಣು. ನೀನು, ತಂಗಿ, ಮೊಮ್ಮಗಳು ಭವ್ಯಶ್ರೀ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯನ್ನು ನೀನೆಲ್ಲಿ ಇಟ್ಟಿದ್ದೀಯ? ಫೋನು ಎತ್ತುವುದಿಲ್ಲ. ನಮ್ಮ ನಾಲ್ವರ ವಾಟ್ಸಾಪ್ ಗುಂಪಿನಿಂದ ಎದ್ದು ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ಅದಕ್ಕೇ ಅಂಚೆಯವನನ್ನು ನೆಚ್ಚಿಕೊಂಡಿದ್ದೇನೆ. ಹರಿದು ಹಾಕುವ ಮೊದಲು ಒಂದು ಸಾಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಮೂವತ್ತೈದು ವರ್ಷ ಮಕ್ಕಳ ಕಾಪಿ ತಿದ್ದಿದ ಕಣ್ಣು, ತಪ್ಪು ಹುಡುಕುವುದಕ್ಕಾದರೂ ಕೊನೆಯವರೆಗೆ ಓದುತ್ತದೆ.

ತಡವಾದದ್ದಕ್ಕೆ ಕ್ಷಮಿಸು. ನಾಲ್ಕು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಸಿಂಹಾಸನದ ಮೇಲೆ ಕೂತು ಗರ್ಜಿಸಿದ್ದೆ. ಎರಡನೆಯದರಲ್ಲಿ ಕಿರೀಟ ಕಿತ್ತು ನಿನ್ನ ಕಾಲ ಹತ್ತಿರ ಇಟ್ಟಿದ್ದೆ. ಉಳಿದೆರಡು ಏನಾಗಿದ್ದವೋ ನೆನಪಿಲ್ಲ. ಗುರುಸಿದ್ದಮ್ಮ ಚೂರುಗಳನ್ನು ಗುಡಿಸುತ್ತಾ, "ಏನ್ರೀ ಇದು, ನಾಟ್ಕದಲ್ಲಿ ಹೂಮಳೆ ಸುರಿಸಕ್ಕೆ ಮಡಿಕಂಡಿದ್ದೀರಾ?" ಎಂದು ಕೇಳಿದಳು. ನಾನು ನಗಲಿಲ್ಲ. ಅವಳು ಪೊರಕೆ ಹಿಡಿದುಕೊಂಡೇ ನನ್ನ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು.

ಕೂತಲ್ಲಿ ಕೂರಲಾಗುತ್ತಿಲ್ಲ ಕಣೋ. ಬಟ್ಟೆ ಅಂಗಡಿಯ ಗದ್ದುಗೆಯ ಮೇಲೆ ನಲವತ್ತು ವರ್ಷ ಕಾಲು ಮಡಚಿ ಕೂತ ಮನುಷ್ಯ ನಾನು, ಈಗ ಜಗಲಿಯ ಮೇಲೆ ಕಾಫಿ ಮುಗಿಯುವವರೆಗೆ ಇರಲಾರೆ. ಅಟ್ಟದ ಮೇಲಿದ್ದ ಹಾರ್ಮೋನಿಯಂ ಇಳಿಸಿ ತಿದಿ ಕಟ್ಟಿಸಿದೆ; ಎರಡು ದಿನ ನುಡಿಸಿ ಮೂಲೆಗೆ ತಳ್ಳಿದೆ. ಮೀನು ಹಿಡಿಯುವ ಗಾಳ ತಂದು ಹೇಮಾವತಿಯ ದಂಡೆಗೆ ಹೋದೆ. ಲಿಂಗ ಕಟ್ಟಿದವನು ಗಾಳ ಹಿಡಿದು ಕೂತಿದ್ದಾನೆಂದು ಸೇತುವೆಯ ಮೇಲೆ ಬೈಕುಗಳು ನಿಂತವು. ಹಿಡಿಯುತ್ತಿಲ್ಲ, ಬರೀ ನೋಡುತ್ತಿದ್ದೇನೆ ಎಂದು ಅಲ್ಲಿಂದಲೇ ಕೂಗಿ ಹೇಳಿದೆ. ನನ್ನ ಗಂಟಲು ನಿನಗೆ ಗೊತ್ತಲ್ಲ, ಆ ಕೂಗಿಗೆ ಇದ್ದ ನಾಲ್ಕು ಮೀನೂ ಗೊರೂರು ಕಡೆ ಓಡಿರಬೇಕು. ಹಾಸನಕ್ಕೆ ಎರಡು ಸಲ ಹೋಗಿಬಂದೆ, ಒಂದು ಸಣ್ಣ ಕೆಲಸವಿತ್ತು. ಎಲ್ಲಿಗೆ ಹೋದರೂ ತಲುಪುವ ಮೊದಲೇ ವಾಪಸ್ಸು ಬರುವ ಬಸ್ಸು ಯಾವುದು ಎಂದು ಕೇಳುತ್ತೇನೆ.

ನಮ್ಮ ಭಾನುವಾರದ ಗಾಲ್ಫ್ ಆಟ ಮಾತ್ರ ನಡೆಯುತ್ತಿದೆ, ಮೂರು ಕಾಲಿನ ಮಂಚದ ಹಾಗೆ. ಬೈರಯ್ಯ ಈಗಲೂ ಹಿರೀಸಾವೆಯಿಂದ ಆರಕ್ಕೆ ಓಮ್ನಿ ಹೊರಡಿಸುತ್ತಾನೆ. ಚನ್ನರಾಯಪಟ್ಟಣದಲ್ಲಿ ಒಂದು ಟೀ, ಹೊಳೆನರಸೀಪುರದಲ್ಲಿ ನಾನು, ಆಮೇಲೆ ಅರಕಲಗೂಡು. ನಿಮ್ಮ ಬೀದಿಯ ತಿರುವಿನಲ್ಲಿ ಎರಡು ನಿಮಿಷ ನಿಲ್ಲಿಸುತ್ತಾನೆ, ತಿಳಿದಿದೆಯಾ? ಮೂವತ್ತು ವರ್ಷ ಕಂಡಕ್ಟರಾಗಿದ್ದವನ ಗಂಟಲಿನಲ್ಲಿ, "ಅರಕಲಗೂಡು, ಅರಕಲಗೂಡು, ಅತ್ತೋರು ಬೇಗ ಅತ್ತಿ" ಎಂದು ಖಾಲಿ ಬೀದಿಗೆ ಕೂಗುತ್ತಾನೆ. ನಿಮ್ಮ ಮನೆಯ ಕಿಟಕಿ ಅಲ್ಲಾಡುವುದಿಲ್ಲ. "ರೈಟ್" ಎಂದು ತಾನೇ ಹೇಳಿಕೊಂಡು ಗೇರು ಹಾಕುತ್ತಾನೆ. ನಿನ್ನ ಸೀಟಿನಲ್ಲಿ ಕೋಲುಗಳ ಚೀಲ ಇಡಲು ಹೋದರೆ ಬಿಡುವುದಿಲ್ಲ. "ಅದು ರಿಜರ್ವೇಶನ್ ಸೀಟು ಕಣಣ್ಣ, ಚೀಲಾನ ಕಾಲ್ತಾವ ಮಡೀಕೊ."

ಮಲ್ಲಿಪಟ್ಟಣದಲ್ಲಿ ಗೌರೀಶನ ಹೊಲ ಹಾಗೇ ಇದೆ. ಹೊಗೆಸೊಪ್ಪು ಬಿಟ್ಟು ಹುಲ್ಲು ಬೆಳೆದ ಸುಬೇದಾರ ಇಡೀ ತಾಲ್ಲೂಕಿನಲ್ಲಿ ಅವನೊಬ್ಬನೇ. ಐದು ಗುಳಿ, ಗುಳಿಗೊಂದು ಹಾಲುಪುಡಿ ಡಬ್ಬ, ಸುತ್ತ ರೋಣಗಲ್ಲು ಎಳೆದು ಸಗಣಿ ಸಾರಿಸಿದ ಕಣ. ದೊಡ್ಡತಾಯಮ್ಮ ಮೊದಲ ಸಲ ಸಾರಿಸಿದ ದಿನ ನಿನಗೆ ನೆನಪಿರಬೇಕು. "ಇಷ್ಟು ಚೆಂದಾಗಿ ಕಣ ಮಾಡ್ಸಿದ್ದೀರಲ್ಲ ಸಾ, ರಾಗಿ ಯಾವತ್ತು ಬತ್ತದೆ?" ಎಂದಳು. "ರಾಗಿ ಬರಲ್ಲ ಕಣಮ್ಮ, ಚೆಂಡು ಬತ್ತದೆ" ಎಂದ ಗೌರೀಶ. ಅವಳು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, "ಒಂದ್ ಚೆಂಡು ಒಕ್ಕಕ್ಕೆ ನಾಕ್ ಜನ ಗಂಡಸ್ರಾ?" ಎಂದಳು. ನೀನು ನಕ್ಕು ನಕ್ಕು ಹೊಂಗೆಮರ ಹಿಡಿದುಕೊಂಡೆ. ಈಗಲೂ ಅವಳು ಶನಿವಾರ ಸಾರಿಸುತ್ತಾಳೆ. ಮೊನ್ನೆ ಕೇಳಿದಳು, "ನಾಕ್ನೇ ಸಾಹುಕಾರ್ರು ಎಲ್ಲಿ ಸಾ? ಮೂರ್ ಜನಕ್ಕೆ ಇಷ್ಟು ಸಗಣಿ ದಂಡ."

ಇನ್ನು ಆ ದಿನಕ್ಕೆ ಬರುತ್ತೇನೆ. ನವೆಂಬರ್ ಒಂಬತ್ತು. ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಸಹಿಸಿಕೊ. ನಡೆದದ್ದನ್ನು ಇನ್ನೊಮ್ಮೆ ಆಡಿ ತೋರಿಸದಿದ್ದರೆ ನಾಟಕದವನಿಗೆ ಊಟ ಸೇರುವುದಿಲ್ಲ.

ಮೂರನೇ ಗುಳಿ ಮುಗಿಯಿತು. ನಮ್ಮ ಕಟ್ಟು ಏನು? ಕಡಿಮೆ ಏಟಿನಲ್ಲಿ ಚೆಂಡು ಗುಳಿಗೆ ಹಾಕಿದವನು ಗೆದ್ದ; ಅವರವರ ಏಟನ್ನು ಅವರವರೇ ಹೇಳಬೇಕು, ಬೈರಯ್ಯ ಬರೆದುಕೊಳ್ಳುತ್ತಾನೆ. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಕೇಳಬಾರದು. ಗೌರೀಶ ಮೊದಲ ದಿನವೇ ಹೇಳಿಕೊಟ್ಟ ಪಾಠ ಅದು: ಈ ಆಟಕ್ಕೆ ಅಂಪೈರು ಇಲ್ಲ, ಅವರವರ ಮರ್ಯಾದೆಯೇ ಅಂಪೈರು. ಬೈರಯ್ಯ ಪೆನ್ಸಿಲು ಕಿವಿಯಿಂದ ತೆಗೆದು, "ಚನ್ನಬಸಣ್ಣ, ಎಷ್ಟು?" ಎಂದ.

"ಐದು" ಎಂದೆ.

ನೀನು ಕೋಲು ಒರೆಸುತ್ತಿದ್ದೆ. "ಏಳು ಕಣ್ಲಾ" ಎಂದೆ ನೀನು, ತಮಾಷೆಯಾಗಿಯೇ. "ಬೇಲಿ ತಾವ ಎರಡೇಟು ವಡುದ್ಯಲ್ಲ, ಅವು ಯಾರಪ್ಪನ ಮನೇವು?"

"ಐದು" ಎಂದೆ ನಾನು ಇನ್ನೊಮ್ಮೆ.

ಆಗ ನಿನ್ನ ದನಿ ಬದಲಾಯಿತು. "ಲಂಟಾನದೊಳಕ್ಕೆ ಓಗಿತ್ತಲ್ಲಾ ಚೆಂಡು. ಮುಳ್ಳು ಸರಿಸಿ ತೋರಿಸ್ದೋನು ನಾನಲ್ವಾ? ನೋಡು ಇಲ್ಲಿ." ಮುಂಗೈ ಚಾಚಿದೆ. ಮೇಲೆ ಹಸಿ ಗೀರು, ಕೆಂಪಗೆ, ಇನ್ನೂ ಒಣಗಿರಲಿಲ್ಲ.

ನಾನು ನಿನ್ನ ಮುಖವನ್ನೇ ನೋಡುತ್ತಾ ಕೋಲಿನ ಬುಡವನ್ನು ನೆಲಕ್ಕೆ ಎರಡು ಸಲ ಕುಟ್ಟಿದೆ.

"ಯಾರ ಮ್ಯಾಲ್ಲಾ ಗದೆ ಕುಟ್ಟೀಯಾ?" ಎಂದೆ ನೀನು. "ಬಣ್ಣ ತೊಳ್ಕಂಡ್ರೆ ನೀನು ಬಟ್ಟೆ ಅಂಗ್ಡಿಯೋನೆಯಾ. ಐದ್ ರೂಪಾಯಿನ ಪಂದ್ಯನೂ ಇಲ್ಲ ಇಲ್ಲಿ, ಯಾತಕ್ಕ್ ಸುಳ್ಳೇಳೀಯ?"

ಆಮೇಲಿನದು ನನ್ನ ಪಾಪ. ಎದೆ ಉಬ್ಬಿಸಿ, ಗಂಟಲು ತೆರೆದು, ಮಲ್ಲಿಪಟ್ಟಣದ ಅರ್ಧ ಹೋಬಳಿಗೆ ಕೇಳುವಂತೆ ಹೇಳಿದೆ: "ಹೌದು, ಸುಳ್ಳಾಡಿದೆ. ಎರಡು ಏಟನ್ನು ನುಂಗಿದವನು ಈ ಚನ್ನಬಸವಯ್ಯ. ಏನೀಗ?" ಪಕ್ಕದ ಹೊಲದ ಎಮ್ಮೆ ಮೇಯುವುದನ್ನು ಬಿಟ್ಟು ತಲೆಯೆತ್ತಿತು. ಗೌರೀಶ ನೆಲ ನೋಡಿದ. ಬೈರಯ್ಯ ಬರೆಯಲೂ ಇಲ್ಲ, ಪೆನ್ಸಿಲು ಕಿವಿಗೆ ಇಡಲೂ ಇಲ್ಲ. ನೀನು ನನ್ನ ಹಾಗೆ ಕೂಗಲಿಲ್ಲ. "ಸೋತೋರ ಜತೆ ಆಡಬೋದು ಕಣಪ್ಪ. ಸುಳ್ಳೇಳೋರ ಜತೆ ನನ್ ಕೈಲಾಗಕಿಲ್ಲ" ಎಂದು ಹೇಳಿ ಕೋಲನ್ನು ಹೊಂಗೆಮರಕ್ಕೆ ಒರಗಿಸಿ ಬಸ್ ನಿಲ್ದಾಣದ ಕಡೆ ನಡೆದೆ. ನನ್ನ ಆಯುಷ್ಯದಲ್ಲಿ ನಾನು ಆಡಿದ ಮಾತಿಗೆ ಒಬ್ಬರೂ ಚಪ್ಪಾಳೆ ತಟ್ಟದ ಸೀನು ಅದೊಂದೇ.

ಕೋಲು ಅಲ್ಲೇ ಇದೆ. ಗೌರೀಶ ಅದನ್ನು ಎತ್ತಿಡುವುದಿಲ್ಲ. "ಇಟ್ಟವನೇ ಎತ್ತಲಿ" ಎನ್ನುತ್ತಾನೆ, ಮಿಲಿಟರಿ ಹಟ.

ಹೋದ ವಾರ ಮೂವರೂ ರಾಮನಾಥಪುರಕ್ಕೆ ಹೋಗಿದ್ದೆವು. ಆಡಲು ಮನಸ್ಸಿಲ್ಲದೆ ಹೋದದ್ದು. ಹೊಗೆಸೊಪ್ಪಿನ ಹರಾಜಿನ ಕಾಲ, ಬೇಲು ತುಂಬಿದ ಟೆಂಪೋಗಳ ನಡುವೆ ಓಮ್ನಿ ನುಗ್ಗಿಸಿ ಬೈರಯ್ಯ ಹೊಳೆಯ ಮೆಟ್ಟಿಲ ಹತ್ತಿರ ನಿಲ್ಲಿಸಿದ. ಮೀನಿಗೆ ಪುರಿ ತರುತ್ತೇನೆಂದು ನಾನು ಹೋಗಿ ತಂದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹೋಗಿ ತಂದೆ. ಬೈರಯ್ಯ ನನ್ನ ಎರಡು ಕೈ ನೋಡಿ, "ಏನಣ್ಣ, ಮೀನ್ಗೂ ಮಾರ್ನಮಿ ಊಟವಾ?" ಎಂದ. ನಾನೂ ನಕ್ಕೆ. ಅಷ್ಟು ದೊಡ್ಡ ಮೀನುಗಳು ಬಾಯಿ ತೆರೆದು ಮೇಲೆ ಬಂದವು, ಥೇಟ್ ಮಾತು ಮರೆತ ನಟರ ಹಾಗೆ. ನೀನಿದ್ದಿದ್ದರೆ ಅವಕ್ಕೂ ಮಾತು ಕೊಡುತ್ತಿದ್ದೆ. ನಮ್ಮ ಕಾಲದ ನಾಟಕಗಳು ಕಣ್ಣ ಮುಂದೆ ಬಂದವು. ನಾನು ಮುಂದೆ ನಿಂತು ಮೆರೆಯುತ್ತಿದ್ದೆ, ನೀನು ಪಕ್ಕದ ಪರದೆಯ ಮರೆಯಲ್ಲಿ ಬೆವರುತ್ತಾ, ಕೈಯಲ್ಲಿ ಮಾತಿನ ಪುಸ್ತಕ, ಹಲ್ಲಿನ ನಡುವೆ ಟಾರ್ಚು. ಹಾರ ನನಗೆ ಬೀಳುತ್ತಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ನಿನ್ನನ್ನು ಮುಂದೆ ಕರೆದು ನಿಲ್ಲಿಸಲಿಲ್ಲ ನಾನು.

ಈಗ ಅಸಲು ವಿಷಯ. ಊಟಿ ಕಡೆಯ ಆ ನಿಜವಾದ ಹುಲ್ಲಿನ ಮೈದಾನದಲ್ಲಿ ಆಡಲು ಗೌರೀಶನ ಹಳೆಯ ಸಾಹೇಬರು ಅನುಮತಿ ಕೊಡಿಸಿದ್ದಾರೆ. ಡಿಸೆಂಬರ್ ಹದಿನಾಲ್ಕು, ಭಾನುವಾರ. ನಾಲ್ಕು ಜನರ ಹೆಸರು ಹೋಗಿದೆ, ನಿನ್ನದೂ ಇದೆ. ಒಬ್ಬರ ಹೆಸರು ತೆಗೆಸು ಎಂದರೆ ಗೌರೀಶ ಒಪ್ಪುವುದಿಲ್ಲ. "ನಾಕು ಜನ ಓದ್ರೆ ಓಗದು, ಇಲ್ದಿದ್ರೆ ಮನೇಲಿರದು. ಮೂರ್ ಜನುಕ್ಕೆ ನಾನ್ ಬರಲ್ಲ." ಎರಡು ವರ್ಷದಿಂದ ಸಗಣಿ ಕಣದ ಮೇಲೆ ಚೆಂಡು ಉರುಳಿಸುತ್ತಾ ನಾವು ಕನಸು ಕಂಡದ್ದು ಆ ಹುಲ್ಲನ್ನೇ ಅಲ್ಲವೇ? ಅಲ್ಲಿ ಬರಿಗಾಲಲ್ಲಿ ನಡೆಯುತ್ತೇನೆ ಎಂದವನು ನೀನು. ನನ್ನಿಂದಾಗಿ ಅದು ತಪ್ಪಬಾರದು.

ಆದ್ದರಿಂದ ಕೇಳು. ನಾನು ಸುಳ್ಳು ಹೇಳಿದೆ. ಏಳನ್ನು ಐದು ಮಾಡಿದೆ. ವಯಸ್ಸು ಅರವತ್ತೊಂಬತ್ತಾದರೂ ಗೆಲ್ಲುವ ಚಪಲ ಬಿಡಲಿಲ್ಲ. ತಪ್ಪಾಯಿತು. ಬೇಕಾದರೆ ಬೈರಯ್ಯನ ಪುಸ್ತಕದಲ್ಲಿ ಏಳೆಂದು ಬರೆದು ಕೆಳಗೆ ನನ್ನ ರುಜು ಹಾಕುತ್ತೇನೆ. ಹದಿಮೂರನೇ ತಾರೀಖು ಶನಿವಾರ ಬೈರಯ್ಯ ನಾಲ್ಕಕ್ಕೇ ಹೊರಡುತ್ತಾನೆ, ಬೆಳಿಗ್ಗೆ ಆರೂವರೆಗೆ ಓಮ್ನಿ ನಿಮ್ಮ ಬೀದಿಯ ತಿರುವಿಗೆ ಬರುತ್ತದೆ. ಸ್ವೆಟರ್ ಹಾಕಿಕೊಂಡು ನಿಂತಿರು.

ತಂಗಿಗೆ ಮಂಡಿನೋವು ಕಡಿಮೆಯಾಗಲಿ. ಭವ್ಯಶ್ರೀ ಪರೀಕ್ಷೆಯಲ್ಲಿ ಮೊದಲನೆಯವಳಾಗಲಿ. ತಾತನ ಹಟ ಒಂದನ್ನು ಬಿಟ್ಟು ಉಳಿದೆಲ್ಲ ವಿದ್ಯೆ ಅವಳಿಗೆ ಬರಲಿ. ನಿನ್ನ ಮುಂಗೈಯ ಗೀರು ಗುರುತಿಲ್ಲದಂತೆ ಮಾಯಲಿ.

ನಿನ್ನ,
ಚನ್ನಬಸವಯ್ಯ

ಮರೆತ ಮಾತು: ಕವರು ಅಂಟಿಸಿ ಆಗಿತ್ತು ದೇವರಾಜು, ಮತ್ತೆ ಬಿಚ್ಚಿದೆ. ಮೇಲಿನ ತಪ್ಪೊಪ್ಪಿಗೆ ಸುಳ್ಳು.

ಆ ದಿನ ನಾನು ಸುಳ್ಳು ಹೇಳಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಐದೇ. ಬೇಲಿ ಇರಲಿಲ್ಲ, ಲಂಟಾನ ಇರಲಿಲ್ಲ, ನೀನು ಮುಳ್ಳು ಸರಿಸಿದ್ದು ಇರಲಿಲ್ಲ. ನಿನ್ನ ಕೈಯ ಗೀರು ಕಾಣಿಸುತ್ತಿತ್ತು, ಅದು ಹೇಗಾಯಿತೆಂಬುದು ನನ್ನಲ್ಲಿ ಎಲ್ಲೂ ಇರಲಿಲ್ಲ. ಆಗ ಹೆದರಿದೆ. ಹೆದರಿ ಕೋಲು ಕುಟ್ಟಿದೆ, ಎರಡು ಸಲ. ನಾನು ಮಾತು ಮರೆತಾಗ ಸಭೆಗೆ ತಿಳಿಯದ ಹಾಗೆ ಗದೆಯನ್ನು ಎರಡು ಸಲ ಕುಟ್ಟುತ್ತಿದ್ದೆ, ನೀನು ಪರದೆಯ ಮರೆಯಿಂದ ಮಾತು ಕೊಡುತ್ತಿದ್ದೆ. ಜನ ಅದನ್ನು ರಾಜನ ಕೋಪ ಎಂದುಕೊಳ್ಳುತ್ತಿದ್ದರು. ಆ ದಿನ ನೀನೂ ಹಾಗೆಯೇ ಅಂದುಕೊಂಡೆ. ನಾಟಕ ನಿಂತು ಹನ್ನೆರಡು ವರ್ಷವಾಯಿತು. ನಮ್ಮ ಸನ್ನೆಯನ್ನು ನೀನೂ ಮರೆತೆ. ನನಗೆ ಇದೊಂದೇ ಸಮಾಧಾನ.

ಮರೆತ ಮುದುಕನ ಪಾರ್ಟಿಗಿಂತ ಸುಳ್ಳುಗಾರನ ಪಾರ್ಟು ವಾಸಿ ಎನ್ನಿಸಿತು. ಅದಕ್ಕೆ ಎದೆಯುಬ್ಬಿಸಿ ನಿಲ್ಲಬಹುದು.

ಹಾಸನಕ್ಕೆ ಹೋದದ್ದು ಡಾಕ್ಟರ ಹತ್ತಿರ. ಮೊಮ್ಮಗಳ ವಯಸ್ಸಿನವಳು. ಐದು ಮಾತು ಹೇಳಿದಳು, ನಡುವೆ ಗಡಿಯಾರದ ಚಿತ್ರ ಬರೆಸಿದಳು, ಆಮೇಲೆ "ಆ ಐದನ್ನೂ ಹೇಳಿ ತಾತ" ಎಂದಳು. ಬಾಗಿಲು, ಬೆಲ್ಲ, ನವಿಲು. ಅಲ್ಲಿಗೆ ನಿಂತಿತು. ಕಾಲು ತಾನಾಗಿಯೇ ನೆಲಕ್ಕೆ ಎರಡು ಸಲ ಕುಟ್ಟಿತು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಮುಂದಿನ ಸಲ ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದಿದ್ದಾಳೆ. ಗುರುಸಿದ್ದಮ್ಮನಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ. ಬೈರಯ್ಯನಿಗೂ ಗೌರೀಶನಿಗೂ ನಾನು ಸುಳ್ಳುಗಾರನಾಗಿಯೇ ಇರಲಿ, ಸದ್ಯಕ್ಕೆ.

ಊಟಿಯಲ್ಲಿ ನನ್ನ ಬಲಗಡೆ ನಿಲ್ಲು. ನಾನು ಎರಡು ಸಲ ಕುಟ್ಟಿದರೆ ಎಷ್ಟನೇ ಏಟು ಎಂದು ಹೇಳು. ಮೆಲ್ಲಗೆ, ಸಭೆಗೆ ಕೇಳಿಸದ ಹಾಗೆ.