ಚಾಮರಾಜಪೇಟೆಗೆ ಗೊತ್ತಿಲ್ಲದ ‘ರೀ’

ಭಾವನವರೇ,

ಮದುವೆಯ ದಿನ ಕಾಶಿಯಾತ್ರೆಗೆ ಹೊರಟ ನಿಮ್ಮ ಕೊಡೆಯನ್ನೇ ಬಚ್ಚಿಟ್ಟಿದ್ದೆನಲ್ಲ, ಅದೇ ಭಾಮೈದ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಪಳಗಿಸಿದವನು ನಾನೊಬ್ಬನೇ ಎಂದು ಈಗಲೂ ಕೊಚ್ಚಿಕೊಳ್ಳುತ್ತೇನೆ. ಹೆದರಿಕೆ ಎಂಬುದೇ ಗೊತ್ತಿಲ್ಲ ಎನ್ನುತ್ತಿದ್ದೆ. ಆದರೆ ಹೋದ ಭಾನುವಾರ... ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಟೆಲಿಫೋನ್ ಕೆಲಸದಿಂದ ನಿವೃತ್ತರಾದ ಮೇಲೆ ನೀವು ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಕೂತದ್ದು ನೆನಪಾಗುತ್ತದೆ. ಅಕ್ಕ ಅಡುಗೆಮನೆಯಿಂದ ‘ರೀ’ ಎನ್ನುವಳು. ಸದ್ದಿಲ್ಲ. ಮತ್ತೆ ‘ರೀ...’ ಊಹೂಂ. ಮೂರನೆಯ ಕೂಗಿಗೆ ನೀವು ‘ಆಂ?’ ಎನ್ನುವಿರಿ. “ಅಕ್ಕಾ, ಭಾವಂಗೆ ಮೂರು ಸಲ ರಿಂಗ್ ಆಗ್ಲೇಬೇಕು” ಎಂದು ನಾನು ಕಾಡುತ್ತಿದ್ದೆ. ಆ ಜಾವಾದಲ್ಲೇ ಅಲ್ಲವೇ ನಮ್ಮ ಚಾಮರಾಜಪೇಟೆಯ ರಕ್ತನಿಧಿಗೆ ನೀವು ಪ್ರೋಗ್ರಾಮು ಬರೆದುಕೊಟ್ಟದ್ದು? ಕೌಂಟರಿನಲ್ಲಿ ನಾನು ಒತ್ತಿದರೆ ಮಲ್ಲೇಶ್ವರದ ಕಚೇರಿಯ ಸರ್ವರಿನಿಂದ ಉತ್ತರ ಬರುತ್ತಿತ್ತು: ಯಾವ ಚೀಲದ ರಕ್ತ ಪರೀಕ್ಷೆಯಲ್ಲಿ ಪಾಸಾಗಿದೆ, ಯಾವುದನ್ನು ಕೊಡಬಹುದು ಎಂದು. ಆ ಉತ್ತರವಿಲ್ಲದೆ ಒಂದು ಚೀಲವೂ ಹೊರಗೆ ಹೋಗಕೂಡದು ಎಂದು ಹಟ ಹಿಡಿದವರೂ ನೀವೇ.

ಭಾನುವಾರ ಬೆಳಿಗ್ಗೆ ಫೋನು ಬಂದಾಗ ನಾನು ಕೌಂಟರಿನ ಹೊಸ ಕಂಪ್ಯೂಟರಿಗೆ ಕುಂಕುಮ ಇಡುತ್ತಿದ್ದೆ. ಹಳೆಯದನ್ನು ಹಿಂದಿನ ದಿನವಷ್ಟೇ ಗುಜರಿಗೆ ಸಾಗಿಸಿದ್ದರು. ಫೋನಿನಲ್ಲಿ ನಿಮ್ಮ ಮಗಳು ವೀಣಾ. “ಮಾವ, ಅಮ್ಮಂಗೆ ಹೊಟ್ಟೆ ಒಳಗೆ ರಕ್ತ ಸೋರ್ತಿದೆಯಂತೆ. ಈಗ್ಲೇ ಆಪರೇಷನ್ನು. ಓ ನೆಗೆಟಿವ್ ಬೇಕು, ಇಲ್ಲಿ ಬಸವನಗುಡೀಲಿ ಎಲ್ಲೂ ಸಿಗ್ತಿಲ್ಲ.”

“ನಾನಿಲ್ವೇನೇ? ಇಗೋ, ಬಂದೇಬಿಟ್ಟೆ!” ಎಂದೆ. ಫ್ರಿಜ್ಜಿನ ಗಾಜಿನಾಚೆ ಓ ನೆಗೆಟಿವ್ ಚೀಲಗಳು ಮೂರು ಕಣ್ಣಿಗೇ ಕಾಣುತ್ತಿದ್ದವು. ಕಂಪ್ಯೂಟರ್ ಒತ್ತಿದೆ. ಉತ್ತರವಿಲ್ಲ. ಏನೋ ಇಂಗ್ಲಿಷಿನ ಕೆಂಪಕ್ಷರ.

ಕಂಪ್ಯೂಟರ್ ನೋಡಿಕೊಳ್ಳುವ ಶಾಹೀನ್ ಎರಡು ಬೀದಿಯಾಚೆಯ ಮನೆಯಿಂದ ಓಡಿಬಂದ ಆ ಗಳಿಗೆ ಕಣ್ಣಿಗೆ ಕಟ್ಟಿದ ಹಾಗಿದೆ. ವೈರು ಅಲುಗಿಸಿದಳು, ಪಾಸ್‌ವರ್ಡ್ ನೋಡಿದಳು, ಜಾವಾವನ್ನೇ ಕಿತ್ತು ಮತ್ತೆ ಹಾಕಿದಳು. “ಮಲ್ಲೇಶ್ವರ ಸಿಗ್ತಿದೆ ಅಂಕಲ್. ಆದ್ರೆ ‘ರಕ್ತದ ವಿಷ್ಯ ನನ್ನ ಕೇಳ್ಬೇಡ, ಆರ್-ಇ-ಇ ಅನ್ನೋ ಮೆಷಿನ್ನ ಕೇಳು’ ಅಂತಿದೆ. ಆ ಹೆಸರು ಈ ಹೊಸ ಕಂಪ್ಯೂಟರಿಗೆ ಗೊತ್ತಿಲ್ಲ. ಯಾವ್ದೋ ಕಂಪನಿ ಹೆಸರಿರ್ಬೇಕು.”

“ಯಾವ್ದೋ ಒಂದಕ್ಕೆ ಜೋಡಿಸಮ್ಮಾ, ಪುಣ್ಯ ಬರುತ್ತೆ!”

“ಅಲ್ಲಿ ಮೂರು ಮೆಷಿನ್ ಇವೆ ಅಂಕಲ್. ಒಂದು ಕಲಿಯೋರಿಗೆ ಅಂತ ಇಟ್ಟಿರೋದು. ಅದರಲ್ಲಿರೋದೆಲ್ಲ ಸುಳ್ಳು ಲೆಕ್ಕ. ಅಕಸ್ಮಾತ್ ಅದಕ್ಕೇ ಜೋಡಿಸಿದ್ರೆ...” ಭಾನುವಾರ, ಮಲ್ಲೇಶ್ವರದ ಕಚೇರಿಗೆ ಬೀಗ. ಬರೆದವರನ್ನೇ ಕೇಳೋಣವೆಂದರೆ ನೀವು ಹಾರ ಹಾಕಿದ ಫೋಟೋದಲ್ಲಿ.

ಹೆದರಿಕೆ ಎಂದರೇನೆಂದು ಗೊತ್ತಾದದ್ದು ಆಗ, ಭಾವ. ಫ್ರಿಜ್ಜಿನ ಬಾಗಿಲು ಯಾವಾಗ ತೆಗೆದೆನೋ ಗೊತ್ತಿಲ್ಲ, ಒಂದು ಚೀಲ ಕೈಯಲ್ಲಿತ್ತು. ತಣ್ಣಗೆ, ಮೆತ್ತಗೆ. ಒಡಹುಟ್ಟಿದವಳು ಸಾಯುತ್ತಿರುವಾಗ ಎಂಥ ಕಟ್ಟಳೆ, ಯಾವ ಜಾವಾ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅಷ್ಟರಲ್ಲಿ ಮತ್ತೆ ವೀಣಾಳ ಫೋನು. ಅವಳು ಅಳುತ್ತಿದ್ದಳು. “ಎಲ್ಲಿದೀರಾ ಮಾವ? ಅಮ್ಮಂಗೆ ಸರಿಯಾಗಿ ಎಚ್ಚರಾನೇ ಇಲ್ಲ. ಸುಮ್ನೆ ರೀ... ರೀ... ಅಂತಿದಾಳೆ.”

ಆರ್-ಇ-ಇ.

“ಶಾಹೀನ್! ಅದು ಕಂಪನಿ ಅಲ್ಲಮ್ಮಾ, ನಮ್ಮ ಭಾವ! ರೀ ಕಣಮ್ಮಾ, ರೀ! ಅವರೇ ಕೂತು ಜೋಡಿಸಿದ ಮೆಷಿನ್ನು, ಕಿಟಕಿ ಪಕ್ಕದ್ದು!”

ಅವಳು ಕಣ್ಣರಳಿಸಿದಳು. “ಯಾ ಅಲ್ಲಾ! ನಮ್ಮಮ್ಮಿ ಅಬ್ಬಾನ ‘ಅಜೀ’ ಅಂತಾರಲ್ಲ, ಹಾಗಾ?”

ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ‘ರೀ’ ಎಂದರೆ ಹತ್ತು ಗಂಡಸರು ತಿರುಗಿ ನೋಡುತ್ತಾರೆ. ಯಾರ ರೀ ಯಾರೆಂದು ಆಯಾ ಮನೆಗೇ ಗೊತ್ತು. ಹಳೆಯ ಕಂಪ್ಯೂಟರಿನ ಕಿವಿಯಲ್ಲಿ ನೀವದನ್ನು ಹೇಳಿಟ್ಟಿದ್ದಿರಿ, ಅದು ಗುಜರಿಗೆ ಹೋಯಿತು. ಹೊಸದಕ್ಕೆ ಯಾರು ಹೇಳಬೇಕಿತ್ತು? ಶಾಹೀನ್ ಒಂದೇ ಸಾಲು ಬರೆದಳು: ಕಿಟಕಿ ಪಕ್ಕದ ಯಂತ್ರದ ನಂಬರು, ಅದರ ಮುಂದೆ ನಿಮ್ಮ ಹೆಸರು. ಒತ್ತಿದೆ. ನಮ್ಮ ಫ್ರಿಜ್ಜಿನ ಚೀಲಗಳೇ ಒಂದೊಂದಾಗಿ ತೆರೆಯ ಮೇಲೆ ಬಂದವು. ಎರಡು ಹಸಿರು. ಒಂದು ಕೆಂಪು: ಪರೀಕ್ಷೆಯಲ್ಲಿ ದೋಷ, ಕೊಡಕೂಡದು.

ಕೆಂಪಾದದ್ದು ನನ್ನ ಕೈಯಲ್ಲಿತ್ತು, ಭಾವ.

ಹಸಿರಾದವೆರಡು ಹೊತ್ತಿಗೆ ಸರಿಯಾಗಿ ಬಸವನಗುಡಿ ಮುಟ್ಟಿದವು. ಆದರೆ ಆ ತಣ್ಣನೆಯ ಚೀಲ ಇನ್ನೂ ಅಂಗೈ ಬಿಟ್ಟಿಲ್ಲ. ನಿಮ್ಮ ಆ ಒಂದು ಸಾಲನ್ನು ರಕ್ತನಿಧಿಯ ಎಲ್ಲ ಕಂಪ್ಯೂಟರುಗಳಿಗೂ ಬರೆಸಿದ್ದೇನೆ. ಇನ್ನು ಯಾವ ಹೊಸ ಯಂತ್ರ ಬಂದರೂ ಮೊದಲು ಅದಕ್ಕೆ ‘ರೀ’ ಯಾರೆಂದು ಹೇಳಿ, ಕುಂಕುಮ ಆಮೇಲೆ. ಇದು ನನ್ನ ಮಾತು.

ನಿನ್ನೆ ಅಕ್ಕ ಹನುಮಂತನಗರದ ಮನೆಗೆ ಬಂದಳು. ಎಲ್ಲವನ್ನೂ ಹೇಳಿದೆ, ಆ ಕೆಂಪು ಚೀಲವೊಂದನ್ನು ಬಿಟ್ಟು. ಮಲಗಿದಲ್ಲಿಂದಲೇ ಕೇಳಿದಳು: “ಮೂರು ಸಲ ಕೂಗಿಸಿಕೊಂಡ್ರೇನೋ?”

“ಇಲ್ಲ ಅಕ್ಕಾ. ಒಂದೇ ಕೂಗಿಗೆ ಆಂ ಅಂದ್ರು.”

“ಸುಳ್ಳ” ಎಂದು ಗೋಡೆಯ ಕಡೆ ತಿರುಗಿಕೊಂಡಳು.

ಒಂದೇ ಕೂಗಿಗೆ, ಅಲ್ಲವೇ ಭಾವ?

ನಿಮ್ಮ
ಕೊಡೆಕಳ್ಳ