ಮಿಂಚಿನ ಮುಂದೆ ಗಾಳಿ ಸೀಳಿದವಳಿಗೆ

ಗುರುವಾರ, ಮಧ್ಯಾಹ್ನ

ನನ್ನ ಪುಟ್ಟೀ,

ಚೆನ್ನಾಗಿದ್ದೀಯಾ? ಮೊಣಕಾಲಿನ ಗಾಯ ಮಾಗಿತೆ? ಭಾನುವಾರದ ರೇಸ್ ಮುಗಿಯುವವರೆಗೂ ಶಿಬಿರದಲ್ಲಿ ಫೋನ್ ಕೊಡುವುದಿಲ್ಲವಂತೆ, ಅದಕ್ಕೇ ಈ ಕಾಗದ. ಆಸ್ಪತ್ರೆಯ ಲಾಂಡ್ರಿಯಲ್ಲಿ, ಇಸ್ತ್ರಿ ಮೇಜಿನ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕೆಳಗಿನ ಬಟ್ಟೆ ಇನ್ನೂ ಬಿಸಿಯಾಗಿದೆ, ಅಕ್ಷರ ಸೊಟ್ಟಗಾದರೆ ನಗಬೇಡ. ಭಾನುವಾರದೊಳಗೆ ಇದು ನಿನ್ನ ಕೈ ಸೇರುತ್ತದೋ ಇಲ್ಲವೋ, ದೇವರೇ ಬಲ್ಲ.

ತಂಡದ ನಾಯಕಿ ಈ ಸಲ ನೀನೇ ಎಂದು ಸೋಮವಾರದ ಪತ್ರಿಕೆಯಲ್ಲಿ ಓದಿದೆ. ಹವಾಮಾನ ವರದಿಯ ಕೆಳಗೆ ನಾಲ್ಕು ಸಾಲು. ನಿನ್ನ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿ ಬಿದ್ದಿದೆ. ಆದರೂ ನಾನು ಅದನ್ನು ಎಷ್ಟು ಸಲ ಓದಿದೆನೆಂದರೆ, ಪಕ್ಕದ ಮೇಜಿನವಳು "ಏನಕ್ಕಾ, ಲಾಟರಿ ಬಂತಾ?" ಎಂದಳು.

ಸಂತೋಷವನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಎಂಬುದೇ ನನ್ನ ಕಷ್ಟ.

ನಿನಗೆ ನೆನಪಿದೆಯಲ್ಲ, ಮೊದಲು ನಿಮ್ಮಪ್ಪನ ಸಲೂನಿನಲ್ಲಿ ಸೈಕಲ್ ರೇಸ್ ನೋಡುತ್ತಿದ್ದವರು ಅವರೊಬ್ಬರೇ. ಕುರ್ಚಿಯಲ್ಲಿ ಕೂತವರು ಗೊಣಗುತ್ತಿದ್ದರು, "ಗಂಟೆಗಟ್ಲೆ ಬರೀ ಬೆನ್ನು ತೋರಿಸ್ತಾರಲ್ರೀ, ಚೆಂಡಿರೋ ಆಟ ಯಾವುದಾದ್ರೂ ಹಾಕಿ." ಟಿವಿ ಅವರ ತಲೆಯ ಹಿಂದೆ, ಅವರು ನೋಡುತ್ತಿದ್ದುದು ಕನ್ನಡಿಯಲ್ಲಿ. ಸವಾರರೆಲ್ಲ ಉಲ್ಟಾ ದಿಕ್ಕಿಗೆ ಹೋಗುತ್ತಿದ್ದರು. ಬೆಟ್ಟದ ಏರು ಬಂದರೆ ಅಪ್ಪನ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು. ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡವರು ಕಾಯಬೇಕಿತ್ತು.

ಆಮೇಲೆ ಮಿಂಚು ಬಂದಳು. ದೇಶದ ಜೆರ್ಸಿ ತೊಟ್ಟು ಅವಳು ಮೊದಲ ಪದಕ ಗೆದ್ದ ದಿನ ನಮ್ಮ ಬೀದಿಗೆ ಹುಚ್ಚೇ ಹಿಡಿಯಿತು. ಬ್ರೇಕ್ ಯಾವುದು ಪೆಡಲ್ ಯಾವುದು ಎಂದು ತಿಳಿಯದವರೆಲ್ಲ ಪಂಡಿತರಾದರು. ಬೇಕರಿಯವನು ಬ್ರೆಡ್ ಕೊಯ್ಯುತ್ತಲೇ ಗೇರಿನ ಲೆಕ್ಕ ಹೇಳುತ್ತಿದ್ದ. ಸಲೂನಿನಲ್ಲಿ ಕ್ಷೌರಕ್ಕೆ ಬಂದವರಿಗೇ ಕೂರಲು ಜಾಗವಿರಲಿಲ್ಲ. ಅವಳು ರಾಷ್ಟ್ರ ತಂಡದಲ್ಲಿದ್ದರೆ ರೇಸು. ಯಾವುದೋ ಕಂಪನಿಯ ತಂಡದ ಬಣ್ಣದಲ್ಲಿ ಓಡಿಸುವ ದಿನ ಅರ್ಧ ಬೆಂಚು ಖಾಲಿ. ಅವಳಿಲ್ಲದ ದಿನ ಟಿವಿಯೇ ಬೇಡ.

ಎದುರುಗಾಳಿ ತಾಗದ ಹಾಗೆ ಮುಂದೆ ಓಡಿಸುತ್ತ ಅವಳಿಗೆ ನೆರವಾಗಲು ನಿನ್ನನ್ನು ತಂಡಕ್ಕೆ ಆರಿಸಿದಾಗ ಅಪ್ಪ ಬಂದವರಿಗೆಲ್ಲ ಪುಕ್ಕಟೆ ಕ್ಷೌರ ಮಾಡಿದರು. "ಮಿಂಚಿನ ಮುಂದೆ ಗಾಳಿ ಸೀಳೋಳು ನನ್ನ ಮಗಳು ಕಣ್ರೀ, ಅವಳಿಗೆ ನೀರಿನ ಬಾಟಲಿ ಕೊಡೋಳೂ ನನ್ನ ಮಗಳೇ." ಆದರೆ ಪುಟ್ಟೀ, ಪರದೆಯ ಮೇಲೆ ನೀನು ಕಾಣುತ್ತಿದ್ದುದು ಅವಳ ಅಕ್ಕಪಕ್ಕದಲ್ಲಿದ್ದಾಗ ಮಾತ್ರ. ಅವಳು ಮುಂದೆ ಹಾರಿದ ಮೇಲೆ ನೀನು ಎಲ್ಲಿ, ಎಷ್ಟು ಹೊತ್ತಿಗೆ ಗುರಿ ಮುಟ್ಟಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾನು ಕೇಳುತ್ತಿದ್ದೆ. ಅಪ್ಪ, "ಗೆದ್ದಾಯ್ತಲ್ಲೇ, ಇನ್ನೇನು?" ಎನ್ನುತ್ತಿದ್ದರು.

ಆ ದಿನದ ಮಾತು ಎತ್ತಬಾರದು ಅಂದುಕೊಂಡಿದ್ದೆ, ಎತ್ತದೆ ಆಗುತ್ತಿಲ್ಲ. ಗುರಿಗೆ ಇನ್ನು ಹನ್ನೆರಡು ಕಿಲೋಮೀಟರ್ ಇತ್ತು. ನೀನು ಮಿಂಚಿನ ಪಕ್ಕಕ್ಕೆ ಬಂದು ಬಾಟಲಿ ಚಾಚಿದೆ, ಹ್ಯಾಂಡಲಿಗೆ ಹ್ಯಾಂಡಲ್ ಸಿಕ್ಕಿತು, ಇಬ್ಬರೂ ಬಿದ್ದಿರಿ. ನೀನು ಎದ್ದೆ, ಅವಳು ಏಳಲಿಲ್ಲ. ಅವಳ ಸೊಂಟದ ಮೂಳೆ ಮುರಿದಿತ್ತು. ಮೇಲಿನಿಂದ ತೆಗೆದ ಚಿತ್ರದಲ್ಲಿ ನೀನೇ ನುಗ್ಗಿದ ಹಾಗೆ ಕಾಣುತ್ತಿತ್ತು, ಅದನ್ನೇ ಇಪ್ಪತ್ತು ಸಲ ತೋರಿಸಿದರು. ಬೆಂಚಿನಿಂದ ಯಾರೋ ನಿನಗೆ ಬೈದರು. ಅಪ್ಪ ತಲೆಯೆತ್ತಲಿಲ್ಲ.

ಸಂಜೆ ನೀನು ಫೋನ್ ಮಾಡಿ, "ಅಮ್ಮಾ, ನಾನಲ್ಲ. ಅವಳೇ ನನ್ನ ಮೇಲೆ ಬಂದ್ಲು. ತಂಡದೋರು ಬಾಯಿ ಬಿಡಬೇಡ ಅಂದಿದಾರೆ" ಎಂದು ಅತ್ತೆ. ನಾನು ನಂಬಿದೆ. ಅನುಮಾನ ಒಂದು ಗಳಿಗೆಯೂ ಬರಲಿಲ್ಲ.

ಮರುದಿನ ಟಿವಿಯವರು ಸಲೂನಿಗೆ ಬಂದರು. ನಾನು ಊಟದ ಡಬ್ಬಿ ಹಿಡಿದು ಬಾಗಿಲಲ್ಲಿದ್ದೆ. ಅಪ್ಪ ಕೈ ಒರೆಸಿಕೊಂಡು ಮೈಕಿನ ಮುಂದೆ, "ತಪ್ಪು ನನ್ನ ಮಗಳದೇ. ಅವಳ ಪರವಾಗಿ ನಾನು ಎಲ್ಲರ ಹತ್ರ ಕ್ಷಮೆ ಕೇಳ್ತೀನಿ" ಎಂದರು. ಬೆಂಚಿನವರು ತಲೆದೂಗಿದರು. "ದೊಡ್ಡ ಮನುಷ್ಯ" ಎಂದರು. ಅಲ್ಲ ಎಂದು ನಾನು ಕೂಗಬಹುದಿತ್ತು. ಡಬ್ಬಿ ಕುರ್ಚಿಯ ಮೇಲಿಟ್ಟು ಕೆಲಸಕ್ಕೆ ಹೋದೆ. ನೀನು ಒಂದು ವರ್ಷ ತಂಡದ ಹೊರಗೆ ಕೂತೆಯಲ್ಲ, ಅದರಲ್ಲಿ ನನ್ನ ಮೌನದ ಪಾಲೂ ಇದೆ.

ಬಿದ್ದ ಮೇಲೆ ಮತ್ತೆ ರೇಸಿಗೆ ಇಳಿಯದ ಮಿಂಚಿನ ವಿದಾಯದ ಸಂದರ್ಶನ ಕಳೆದ ತಿಂಗಳು ಬಂದಾಗ ಸಲೂನಿನಲ್ಲಿ ಇದ್ದವರು ಮೂರು ಜನ: ಅಪ್ಪ, ನಾನು, ಕ್ಷೌರಕ್ಕೆ ಕೂತಿದ್ದ ಗಣಿತದ ಮೇಷ್ಟ್ರು. ಅವಳು ತಾನಾಗಿಯೇ ಹೇಳಿದಳು: "ಬಾಟಲಿ ತಗೊಳ್ಳೋವಾಗ ಹಿಂದೆ ಯಾರಿದಾರೆ ಅಂತ ತಿರುಗಿದೆ. ನಾನೇ ಅವಳ ಮೇಲೆ ವಾಲಿದೆ. ಆಗ ಹೇಳೋಕೆ ಧೈರ್ಯ ಬರಲಿಲ್ಲ." ಮೇಷ್ಟ್ರು, "ಓಹೋ, ಹಾಗಾ?" ಎಂದವರು, "ಕಿವಿ ಹತ್ರ ಇನ್ನೂ ಸ್ವಲ್ಪ ತೆಗೀರಿ" ಎಂದರು. ಅಪ್ಪ ತೆಗೆದರು.

ನಾನು ಬೀದಿಗೆ ಓಡಿದೆ. ಬೇಕರಿಯವನು, "ಯಾವ ರೇಸು ಅಕ್ಕಾ? ಅವಳು ಬಿಟ್ಮೇಲೆ ಅದನ್ನೆಲ್ಲ ಯಾರು ನೋಡ್ತಾರೆ?" ಎಂದ. ಪತ್ರಿಕೆಯ ಕಚೇರಿಗೂ ಹೋದೆ. ಅಲ್ಲಿದ್ದ ಹುಡುಗಿ ನೀರು ಕೊಟ್ಟು, ಪ್ರೀತಿಯಿಂದಲೇ, "ಸೈಕಲ್ ಸುದ್ದಿಗೆ ಈಗ ಮೂರ್ನಾಲ್ಕು ಸಾಲಿಗಿಂತ ಜಾಗ ಕೊಡಲ್ಲ ಅಮ್ಮಾ, ಹಳೇ ರೇಸಿನ ಕತೆ ಓದೋರೇ ಇಲ್ಲ" ಎಂದಳು. ನಿನಗೆ ಬೈಯಲು ಊರೇ ಸೇರಿತ್ತು ಪುಟ್ಟೀ. ನಿನ್ನ ತಪ್ಪಿಲ್ಲ ಎಂದು ಕೇಳಿಸಿಕೊಳ್ಳಲು ಒಬ್ಬರೂ ಉಳಿದಿರಲಿಲ್ಲ.

ಆವತ್ತೇ ನಿನಗೆ ಫೋನ್ ಮಾಡಿದರೆ ನೀನು, "ಹೋಗ್ಲಿ ಬಿಡಮ್ಮಾ, ಅಪ್ಪಂಗೆ ಗೊತ್ತಿರಲಿಲ್ಲ ತಾನೇ" ಎಂದೆ. ನಾನು ಹೂಂ ಎಂದೆ.

ಭಾನುವಾರದ ರೇಸ್ ಯಾವ ಚಾನೆಲ್ಲಿನಲ್ಲೂ ಇಲ್ಲವೆಂದು ಕೇಬಲ್ಲಿನವನು ಹೇಳಿದ. ಎರಡು ಸಲ ಕೇಳಿದೆ, ಎರಡು ಸಲವೂ ಅದನ್ನೇ ಹೇಳಿದ. ನೀನು ಎಲ್ಲರಿಗಿಂತ ಮುಂದೆ ಇರುವ ದಿನ ನಾನು ಇಲ್ಲಿ ಆಸ್ಪತ್ರೆಯ ಹೊದಿಕೆ ಮಡಿಸುತ್ತಿರುತ್ತೇನೆ. ಗೆದ್ದೆಯೋ ಬಿದ್ದೆಯೋ ಎಂದು ತಿಳಿಯಲು ಮರುದಿನದ ನಾಲ್ಕು ಸಾಲಿಗೆ ಕಾಯಬೇಕು, ಅದನ್ನಾದರೂ ಹಾಕಿದರೆ.

ಪತ್ರಿಕೆಯ ಆ ತುಂಡನ್ನು ಅಪ್ಪನ ಮುಂದಿಟ್ಟೆ. ತುಟಿ ಆಡಿಸುತ್ತ ಓದಿ ಜೇಬಿಗೆ ಹಾಕಿಕೊಂಡರು. ಅಂಗಿ ಒಗೆಯುವಾಗ ನೋಡಿದರೆ ಜೇಬು ಖಾಲಿ. ಎತ್ತಿಟ್ಟರೋ, ಕತ್ತಿಯ ನೊರೆ ಒರೆಸಿ ಬಿಸಾಡಿದರೋ, ಕೇಳುವ ಧೈರ್ಯವಾಗಲಿಲ್ಲ.

ಇಳಿಜಾರಿನಲ್ಲಿ ನಿಧಾನ, ಕಂದಾ.

ನಿನ್ನ ಅಮ್ಮ

ಇನ್ನೊಂದು ಮಾತು: ಮಡಿಸಿದ ಕಾಗದವನ್ನು ಮತ್ತೆ ಬಿಡಿಸಿದ್ದೇನೆ. ನಾನು ಹೂಂ ಎಂದದ್ದು ಸುಳ್ಳು. ನೀನು ಅತ್ತ ಆ ಸಂಜೆ ನನ್ನ ಕೈ ಒದ್ದೆಯಾಗಿತ್ತು, ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟಿದ್ದೆ. ಅಪ್ಪ ಪಕ್ಕದಲ್ಲೇ ನಿಂತಿದ್ದರು. ನಿನ್ನ ಮಾತೆಲ್ಲ ಕೇಳಿಸಿಕೊಂಡೇ ಮರುದಿನ ಮೈಕಿನ ಮುಂದೆ ಹಾಗೆ ಹೇಳಿದರು. ಯಾಕೆ ಎಂದು ಕೇಳಿದ್ದಕ್ಕೆ, "ಮಿಂಚಿನ ಹೆಸರು ಕೆಟ್ರೆ ಈ ಆಟಾನೇ ಯಾರೂ ನೋಡಲ್ಲ ಕಣೇ. ನಮ್ಮ ಮಗಳ ಹೆಸರು ಕೆಟ್ರೆ ಅಳೋದು ನಾವಿಬ್ರೇ" ಎಂದರು.

ಅತ್ತಿದ್ದು ನಾನೊಬ್ಬಳೇ.